ಬರಿಗೈಯಲ್ಲಿ ಹೋಗಬಾರದು

ಜನವರಿ 6, ಸೋಮವಾರ

ಎರಡನೇ ಪೀರಿಯಡ್. ಗ್ರೀಕ್ ತತ್ವಜ್ಞಾನಿಗಳು ಕಂಡ ಸುಖದ ಪಾಠ. ಹಸಿವಿಗೆ ರೊಟ್ಟಿ, ಬಾಯಾರಿಕೆಗೆ ನೀರು, ಮಾತಿಗೆ ಗೆಳೆಯರು — ಇಷ್ಟಿದ್ದರೆ ಸಾಕು, ಉಳಿದದ್ದಕ್ಕೆ ಕೊನೆಯಿಲ್ಲ ಎಂದೆ. ಎಲ್ಲರೂ ಬರೆದುಕೊಂಡರು. ಸ್ಟಾಫ್ ರೂಮಿಗೆ ಬಂದು ಫೋನಿನಲ್ಲಿ ಶಾಲು ಹುಡುಕಿದೆ. ನಾಚಿಕೆ ಎಂಬುದೇ ಇಲ್ಲ ನನಗೆ.

ಶಾಲು ಪ್ರತಿಮಾಗೆ. ಹಾಸ್ಟೆಲ್ಲಿನಲ್ಲಿ ಐದು ವರ್ಷ ಒಂದೇ ರೂಮು. ಈಗ ತೀರ್ಥಹಳ್ಳಿಯಲ್ಲಿ, ಗಂಡನ ಮನೆಯಲ್ಲಿ ಮಲಗಿದ್ದಾಳೆ. ಕ್ಯಾನ್ಸರ್. ಕೀಮೋ ನಿಲ್ಲಿಸಿದ್ದಾರಂತೆ. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು. ಅಷ್ಟು ದೊಡ್ಡ ಮನೆಗೆ ಬ್ರೆಡ್ಡು, ಮೂಸಂಬಿ ಹಿಡಿದು ಹೋಗುವುದು ಹೇಗೆ?

ಜನವರಿ 10

ಅವಳದೇ ಫೋನ್. ದನಿ ಸಣ್ಣಗಾಗಿದೆ.

"ಭಾನುವಾರ ಬರ್ತೀಯೇನೇ?"

"ಮುಂದಿನ ವಾರ ಖಂಡಿತ. ನಿಂಗೇನೋ ಒಂದು ತರಿಸ್ತಿದೀನಿ."

"ಎಂತದೂ ಬೇಡ ಮಾರಾಯ್ತಿ. ನೀನು ಬಾ, ಸಾಕು."

ಸೋಮವಾರದಿಂದ ಸಂಕ್ರಾಂತಿ ಸೇಲ್. ಕಾದರೆ ಒಳ್ಳೆಯದೇ ಸಿಗುತ್ತದೆ.

ಜನವರಿ 18, ಶನಿವಾರ

ಬಂತು. ನೇರಳೆ ಕೇಳಿದರೆ ಇಟ್ಟಿಗೆ ಬಣ್ಣ! ರಿಟರ್ನ್ ಹಾಕಿದೆ. ನಾಳೆಯೂ ಹೋಗುವಂತಿಲ್ಲ. ತಿಳಿಸಲು ಫೋನ್ ಮಾಡಿದರೆ ಎತ್ತಿದ್ದು ಅವಳ ಗಂಡ ಪೂರ್ಣೇಶ್. "ಮಲಗಿದಾಳೆ, ಹೇಳ್ತೀನಿ ಬಿಡಿ" ಎಂದರು.

ಜನವರಿ 21

ಪಾಠ — ಅಗತ್ಯದ ಆಸೆ, ಅನಗತ್ಯದ ಆಸೆ. ಹಿಂದಿನ ಬೆಂಚಿನ ಧನ್ಯಶ್ರೀ ಎದ್ದು ನಿಂತಳು. "ಮೇಡಂ, ಬೇಡ ಅಂತ ಗೊತ್ತಿದ್ರೂ ಯಾಕೆ ತಗೋತೀವಿ?" ಸಿಲಬಸ್ಸಿನಲ್ಲಿ ಇರುವುದನ್ನು ಕೇಳು ಎಂದು ಸಿಡುಕಿದೆ. ಪಾಪ, ಕೂತುಬಿಟ್ಟಳು.

ಜನವರಿ 24

ನೇರಳೆ ಶಾಲು ಬಂತು. ಎಷ್ಟು ಮೃದು! ಪೇಟೆಗೆ ಹೋಗಿ ಗಿಫ್ಟ್ ಪೇಪರ್ ತಂದೆ. ಭಾನುವಾರ ಕಾಲೇಜಿನಲ್ಲಿ ಧ್ವಜಾರೋಹಣ ಮುಗಿದ ಕೂಡಲೇ ಬಸ್ಸು.

ಜನವರಿ 25, ಬೆಳಗ್ಗೆ 6.10

ಪೂರ್ಣೇಶ್ ಫೋನ್. ಪ್ರತಿಮಾ ಹೋದಳು.

ಜನವರಿ 28

ಮೂರು ದಿನ ಬರೆಯಲಾಗಲಿಲ್ಲ.

ಸಾವಿನ ಮನೆಗೆ ಉಡುಗೊರೆ ಒಯ್ಯುವಂತಿಲ್ಲ. ಬರಿಗೈಯಲ್ಲೇ ಹೋದೆ. ಯಾರೂ ನನ್ನ ಕೈ ನೋಡಲಿಲ್ಲ. ಅವಳ ಅತ್ತೆ ಯಮುನಮ್ಮ ಪಕ್ಕಕ್ಕೆ ಕರೆದರು.

"ಭಾನುವಾರ ಬಂತು ಅಂದ್ರೆ ನಿಮಗೂ ಸೇರ್ಸಿ ಅನ್ನಕ್ಕಿಡಿ ಅನ್ನೋಳು. ಬರಲ್ಲ ಅಂತ ಫೋನ್ ಬಂದಿದೆ ಕಣೇ ಅಂದ್ರೂ ಕೇಳ್ತಿರ್ಲಿಲ್ಲ. 'ಅವ್ಳು ಹಂಗೇ, ಹೇಳ್ದೇ ಬರ್ತಾಳೆ, ಬಂದ್ಮೇಲೆ ಉಣ್ತೀನಿ' ಅನ್ನೋಳು. ಮೂರು ಗಂಟೆ ತನಕ ಕಾದು ಹಂಗೇ ಮಲಗೋಳು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಕಾಫಿ ಕುಡೀತೀರಾ ಎಂದು ಕೇಳಿದರು.

ಎರಡೇ ಭಾನುವಾರ ತಾನೇ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಎರಡು ಸಲ ಹಸಿದು ಮಲಗಿದ್ದಾಳೆ, ನನಗಾಗಿ. ನಾನಿಲ್ಲಿ ಹೊಸನಗರದಲ್ಲಿ, ಮನೆಯಲ್ಲೇ ಇದ್ದೆ. ರಜೆ ಇತ್ತು. ಬಸ್ಸೂ ಇತ್ತು. ನಾನು —