ಭುಜ ತಿರುಗಿದ ಕಡೆ

ಎಮ್ರಿಸ್,

ನೀನು ಸಾಯುವ ಮುಂಚೆ ತಂದ ನಾಯಿಮರಿ ಫ್ಲೋಸ್ ಇವತ್ತೂ ಚಾಪೆಲ್ ಹಿಂದಿನ ಮೈದಾನದಲ್ಲಿ ನನ್ನ ಅಂಗಿಯ ತೋಳು ಕಚ್ಚಿ ಗಿರಗಿರನೆ ಸುತ್ತಿತು. ಹತೋಟಿಗೆ ಬಾರದಿದ್ದರೆ ಬೇರೆಯವರಿಗೆ ಕೊಟ್ಟುಬಿಡೋಣ ಎಂದು ನಮ್ಮ ಮಗಳು ಮೆರೆರಿಡ್ ಹೇಳಿಯಾಗಿತ್ತು. ನಾನು ಕೂಗಿದಷ್ಟೂ ಅದರ ಹುಚ್ಚು ಹೆಚ್ಚಿತು.

ನಾಯಿಗಳಿಗೆ ಅಡೆತಡೆ ಓಟ ಕಲಿಸುವ ಗ್ಲೆನಿಸ್, "ನೆಸ್ತಜ್ಜಿ, ಸ್ವಲ್ಪ ಬಾಯಿ ಮುಚ್ಕೊಳ್ಳಿ. ಅದು ನಿಮ್ಮ ಮಾತು ಕೇಳಲ್ಲ, ಭುಜ ನೋಡುತ್ತೆ," ಎಂದಳು.

"ನಾನು ಬಾಯಿ ಮುಚ್ಚಿದ್ರೆ ಸತ್ತೇಹೋದ್ಲು ಅಂತ ಊರೋರು ಹೂವು ತರ್ತಾರೆ ಕಣೇ."

ಆದರೂ ಮುಚ್ಚಿದೆ. ಓಟಕ್ಕೆಂದು ನೆಟ್ಟ ಕಂಬದ ಬಳಿ ಭುಜ ತಿರುಗಿಸಿ ಸುಮ್ಮನೆ ನಡೆದೆ. ಫ್ಲೋಸ್ ಕಂಬ ಸುತ್ತಿ ಬಂದು ನನ್ನ ಮಂಡಿಗೆ ಅಂಟಿ ನಿಂತಿತು.

"ಇರ್ಲಿ ಬಿಡಮ್ಮ, ಕೊಡೋದು ಬೇಡ," ಎಂದಳು ಬೇಲಿಯಾಚೆ ನಿಂತು ನೋಡುತ್ತಿದ್ದ ಮೆರೆರಿಡ್.

ನೀನೂ ನನ್ನ ಭುಜವನ್ನೇ ನೋಡುತ್ತಿದ್ದೆಯೇನೋ. ನನ್ನ ಕೂಗಾಟದ ಮಾತು ಕೇಳಿದ್ದರೆ ನೀನು ಎಂದೋ ಹೊರಟುಹೋಗಿರುತ್ತಿದ್ದೆ. ಕೊನೆಯವರೆಗೂ ಪಕ್ಕದಲ್ಲೇ ಇದ್ದೆಯಲ್ಲ, ಅದಕ್ಕೆ ಈ ಕಾಗದ.

ನೆಸ್ತಾ