ಡಿಪೋ ಆಫೀಸಿನ ಕುರ್ಚಿ

ಅಕ್ಕಾ, ಒಂದು ಕಾಲಿಗೆ ಬೂಟು ಹಾಕಿದ್ದೆ, ಅಷ್ಟರಲ್ಲಿ ಹೊಟ್ಟೆ ಮತ್ತೆ ಕರೆಯಿತು. ಮೂರನೇ ಸಲ ಹೋಗಿ ಬಂದು ಇದನ್ನು ಬರೆಯುತ್ತಿದ್ದೇನೆ.

ದಿನಕ್ಕೆ ಮೂರು ಸಲ ನುಂಗುವ ಮಾತ್ರೆಯನ್ನೂ ಭೇದಿ ತಡೆಯುವ ಮಾತ್ರೆಯನ್ನೂ ನೀನು ಒಂದೇ ಡಬ್ಬಿಗೆ ಸುರಿದಿದ್ದೆ. ಬೇರೆ ಮಾಡಿಟ್ಟಿದ್ದೇನೆ. ಮೊದಲನೆಯದು ಹದಿನಾಲ್ಕು ದಿನ, ಇವತ್ತಿಗೆ ಒಂಬತ್ತು. ಎರಡನೆಯದು ಬಸ್ ಓಡಿಸುವ ಮೊದಲು, ತೀರಾ ಬೇಕಾದರೆ ಮಾತ್ರ. ಇನ್ನು ಡಬ್ಬಿ ಮುಟ್ಟಬೇಡ.

ಹಾಲು ಕಾಯಿಸಿಟ್ಟಿದ್ದೇನೆ, ಎಲ್ಲಾ ನಿನಗೇ.

ನಿನ್ನೆ ನೀನು ಡಿಪೋಗೆ ಹೋಗಿ ಮ್ಯಾನೇಜರಿಗೆ ನನ್ನ ಹೊಟ್ಟೆಯ ಪುರಾಣ ಹೇಳಿ ಬಂದೆ. ಸಂಜೆ ಡಿಪೋದಲ್ಲಿ ನನ್ನ ಬಸ್ಸಿನ ಕಂಡಕ್ಟರ್, "ಏನಣ್ಣ, ಎಲ್ಲೆಲ್ಲಿ ನಿಲ್ಲಿಸ್ಬೇಕು, ಮೊದ್ಲೇ ಹೇಳ್ಬಿಡು" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಈ ಹೊಟ್ಟೆಯ ದೆಸೆಯಿಂದ ಎರಡು ವರ್ಷದಿಂದ ಅವರ ಜೊತೆ ಕೂತು ಊಟ ಮಾಡಿಲ್ಲ. ಕೊನೆಯ ಸ್ಟಾಪಿನ ಅಂಗಡಿಯಲ್ಲಿ ಕಕ್ಕಸಿನ ಕೀಲಿಗೋಸ್ಕರ ಟೀ ತೆಗೆದುಕೊಂಡು, ಅದನ್ನು ಬೇಸಿನ್ನಿಗೆ ಸುರಿಯುತ್ತೇನೆ. ಅಂಗಡಿಯಮ್ಮ ನನ್ನನ್ನು ಟೀ ಹುಚ್ಚ ಅಂದುಕೊಂಡಿದ್ದಾರೆ. ಇಷ್ಟು ಪ್ರೀತಿಯಿಂದ ಯಾರೂ ನನ್ನನ್ನು ತಪ್ಪು ತಿಳಿದಿಲ್ಲ.

ಬಸ್ಸಿನಲ್ಲಿ ನನ್ನ ಬೆನ್ನ ಹಿಂದೆ ನಲವತ್ತು ಜನ ಇರುತ್ತಾರೆ. ಒಬ್ಬರೂ ಮಾತಾಡಿಸುವುದಿಲ್ಲ, ಆದರೂ ಇರುತ್ತಾರೆ. ಬಸ್ ಬಿಡಿಸಿ ನೀನು ಮ್ಯಾನೇಜರನ್ನು ಕೇಳಿ ಕೊಡಿಸಲು ಹೊರಟ ಡಿಪೋ ಆಫೀಸಿನ ಕೆಲಸದಲ್ಲಿ ಗೋಡೆಗೆ ಮುಖ ಮಾಡಿದ ಒಂದು ಕುರ್ಚಿ, ಪಕ್ಕದಲ್ಲೇ ಕಕ್ಕಸು. ನಿನ್ನ ಮನಸ್ಸು ಒಳ್ಳೆಯದೇ, ಗೊತ್ತು.

ಹತ್ತು ಗಂಟೆಗೆ, ನಾನು ಬಸ್ಸಿನಲ್ಲಿರುವಾಗ, ಮ್ಯಾನೇಜರು ನಮ್ಮ ಮನೆಗೆ ಫೋನ್ ಮಾಡಿ ಆ ಕೆಲಸಕ್ಕೆ ಒಪ್ಪಿಗೆ ಕೇಳುತ್ತಾರೆ. ತಮ್ಮನಿಗೆ ಬೇಡವಂತೆ ಅನ್ನು. ಕಾರಣ ಹೇಳಬೇಡ.