ಗೇಟಿನ ಒಳಗಿನ ತಾಯಿ

ಕೊಪ್ಪಳದಲ್ಲಿರುವ ಶಾಂಭವಿ ಅಕ್ಕನಿಗೆ,

ಬೆಂಗಳೂರಿನಿಂದ ನಿಮ್ಮ ನೆಗೆಣ್ಣಿಯ ನಮಸ್ಕಾರ. ನಾವೆಲ್ಲ ಆರಾಮ ಇದ್ದೇವೆ. ನೀವು ತೀರಿಕೊಂಡಿದ್ದೀರಿ.

ಗಾಬರಿ ಬೀಳಬೇಡಿ, ಶಾಲೆಯ ಮಟ್ಟಿಗೆ ಮಾತ್ರ. ಕಳೆದ ಸೋಮವಾರ ಬೇಸಿಗೆ ರಜೆ ಮುಗಿದು ನನ್ನ ಮಗಳು ಗವಿಶ್ರೀಯ ಶಾಲೆ ಬಾಗಿಲು ತೆರೆಯಿತು. ನಮ್ಮ ಮನೆಯವರು, ನಿಮ್ಮ ಮೈದುನ, ಪ್ರಿನ್ಸಿಪಾಲರ ಮುಂದೆ ತಲೆ ತಗ್ಗಿಸಿ ನಿಂತು, ಕೂಸಿನ ತಾಯಿ ರಜೆಯಲ್ಲಿ ಊರಿಗೆ ಹೋದವಳು ಕಾಮಾಲೆಯಾಗಿ ಹೋಗಿಬಿಟ್ಟಳು ಎಂದರು. ಕಾಮಾಲೆ ನಾನು ಆರಿಸಿದ್ದು. ಅಪಘಾತ ಅಂದರೆ ಎಲ್ಲಿ, ಹೇಗೆ, ಯಾವ ಗಾಡಿ ಎಂದು ಕೇಳುತ್ತಾರೆ. ಹೃದಯ ನಿಂತಿತು ಅಂದರೆ ನಿಮ್ಮ ವಯಸ್ಸಿಗೆ ನಂಬುವುದಿಲ್ಲ. ಕಾಮಾಲೆಗೆ ಮಾತ್ರ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಹಳ್ಳಿಯವರು, ಗಿಡಮೂಲಿಕೆ ಕುಡಿಸಿ ಕೊಂದಿರುತ್ತಾರೆ ಎಂದು ತಾವೇ ತಿಳಿದುಕೊಳ್ಳುತ್ತಾರೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನನ್ನನ್ನು ಮಾತು ಮುಗಿಸಲು ಬಿಟ್ಟ ದಿನವಿಲ್ಲ. ಕಾಗದದ ಮುಂದೆ ಯಾರೂ ಅಡ್ಡ ಬಾಯಿ ಹಾಕಲಾಗುವುದಿಲ್ಲ.

ಬೆಂಗಳೂರಿಗೆ ಬರುವಾಗ ನಾನು ಬೇವೂರಿನಿಂದ ತಂದದ್ದು ರೊಟ್ಟಿ ಬಡಿಯುವ ಎರಡು ಕೈ. ಲಗ್ಗೆರೆಯ ಒಂದು ಕೋಣೆಯಲ್ಲಿ ನಮ್ಮ ಕಡೆಯ ನಾಲ್ಕು ಹುಡುಗರಿಗೆ ರೊಟ್ಟಿ ಕೊಡಲು ಶುರು ಮಾಡಿದವಳು ಈಗ ಮೂರು ಖಾನಾವಳಿಗೆ ಕೊಡುತ್ತೇನೆ. ನಿಮ್ಮ ಮೈದುನನ ಟೆಂಪೊ ತಿಂಗಳಲ್ಲಿ ಹದಿನೈದು ದಿನ ನಿಂತಿರುತ್ತದೆ, ನನ್ನ ಹಂಚು ಆರುವುದಿಲ್ಲ. ಮಗಳಿಗೆ ಒಳ್ಳೆ ಸಾಲಿ ಬೇಕು ಎಂದು ನಾನು ಹೊರಟಿದ್ದು ದಾನಕ್ಕಲ್ಲ, ವ್ಯಾಪಾರಕ್ಕೆ. ಇಂತಿಷ್ಟು ಕೊಡುತ್ತೇನೆ, ಅದಕ್ಕೆ ತಕ್ಕ ಮಾಲು ತೋರಿಸಿ ಎಂದೆ.

ಮಾಲು ನೋಡಿದ್ದೂ ನೋಡಿದ್ದೇ. ಕೋಳಿ ಅಂಗಡಿಯ ಮೇಲೊಂದು ಇಂಟರ್‌ನ್ಯಾಷನಲ್ ಸ್ಕೂಲು, ಕೆಳಗೆ ಕತ್ತಿ ಬೀಳುವ ಸದ್ದಿಗೆ ಮೇಲೆ ಮಕ್ಕಳು ಎ ಬಿ ಸಿ ನಿಲ್ಲಿಸಿ ಕೇಳುತ್ತಿದ್ದವು. ಇನ್ನೊಂದರಲ್ಲಿ ಫೀಸು ಕಡಿಮೆ, ಆದರೆ ಬೂಟು ಅವರದ್ದೇ, ಕಾಲುಚೀಲ ಅವರದ್ದೇ, ಪುಸ್ತಕದ ರಟ್ಟಿಗೆ ಹಾಕುವ ಕಾಗದವೂ ಅವರದ್ದೇ. ಊಟ ಅಗ್ಗ ಎಂದು ಕೂರಿಸಿ ನೀರಿಗೆ ದುಡ್ಡು ಕೇಳುವ ಹೋಟೆಲಿನ ಹಾಗೆ. ಮತ್ತೊಂದರಲ್ಲಿ ಕೇಳಿದ ಡೊನೇಷನ್ನಿನಷ್ಟು ದುಡ್ಡಿನಲ್ಲಿ ಇರಕಲ್ಲಗಡದ ನಮ್ಮಪ್ಪ ನನ್ನ ಮದುವೆ ಮಾಡಿ, ಉಳಿದದ್ದರಲ್ಲಿ ಆಕಳು ಕಟ್ಟಿದ್ದ. ನಮ್ಮ ಕೈಗೆ ಎಟುಕುವ ಬೆಲೆಗೆ ನಿಜವಾಗಿ ಕಲಿಸುವ ಸಾಲಿಗಳು ಎರಡೇ. ಎರಡೂ ಹಳೆಯ ಟ್ರಸ್ಟಿನವು. ಎರಡರಲ್ಲೂ ಮೊದಲು ತಂದೆ ತಾಯಿಯನ್ನು ಕೂರಿಸಿ ಪರೀಕ್ಷೆ ಮಾಡುತ್ತಾರೆ. ಇಂಗ್ಲಿಷ್ ಬರುವ ನೆಂಟರನ್ನು ತಾಯಿ ಎಂದು ತಂದು ಕೂರಿಸುವವರು ಹೆಚ್ಚಾಗಿದ್ದಾರಂತೆ, ಅದಕ್ಕೇ ಕೂಸನ್ನೂ ಕೇಳುತ್ತಾರೆ.

ಮೊದಲನೆಯದಕ್ಕೆ ನಾನೇ ಹೋದೆ. ಇಸ್ತ್ರಿ ಮಾಡಿದ ಇಲಕಲ್ ಸೀರೆ, ಬಾಯಿಪಾಠ ಮಾಡಿದ ಇಂಗ್ಲಿಷು. ಅಲ್ಲಿಯ ಪ್ರಿನ್ಸಿಪಾಲರು ನನ್ನನ್ನು ಏನೂ ಕೇಳಲಿಲ್ಲ. ಗವಿಯ ಗಲ್ಲ ಹಿಡಿದು "ಇವರು ಯಾರು ಪುಟ್ಟ?" ಎಂದರು. ಅವಳು ಒಂದು ಗಳಿಗೆ ತಡಮಾಡದೆ "ವೈನಿ" ಎಂದಳು.

ನಮ್ಮ ಮನೆ ನಿಮಗೆ ಗೊತ್ತಲ್ಲ. ಬೇವೂರಿನ ಆ ತುಂಬಿದ ಮನೆಯಲ್ಲಿ ಚಿಕ್ಕ ಮೈದುನರು ಹಗಲೆಲ್ಲ ನನ್ನನ್ನು ವೈನಿ, ವೈನಿ ಎಂದು ಕರೆದರು. ಕೂಸು ಮೊದಲು ಕಲಿತ ಮಾತು ಅದೇ. ಅವ್ವ ಎಂದು ಅದು ಕರೆಯುವುದು ಅತ್ತೆಯನ್ನು. ನಮ್ಮ ಕಡೆ ಅರ್ಧ ಮಕ್ಕಳು ಹೀಗೆಯೇ ಬೆಳೆದಿವೆ, ಯಾರ ತಾಯಿಯೂ ಕಳೆದುಹೋಗಿಲ್ಲ. ಆದರೆ ಆ ಪ್ರಿನ್ಸಿಪಾಲ್ ಹೆಣ್ಣುಮಗಳಿಗೆ ಅದನ್ನು ಹೇಳುವುದು ಹೇಗೆ? "ವೈನಿ ಅಂದ್ರೆ ಅತ್ತಿಗೆ ಅಲ್ವಾ? ನಿಜವಾದ ತಾಯಿನ ಕರ್ಕೊಂಡು ಬನ್ನಿ" ಎಂದು ನಕ್ಕು ಕಾಗದ ವಾಪಸು ಕೊಟ್ಟರು. ಸುಳ್ಳು ತಾಯಿಯನ್ನು ಹಿಡಿದ ಖುಷಿ ಅವರ ಮುಖದಲ್ಲಿತ್ತು.

ಆಗ ನೀವು ಬಂದಿರಿ ಅಕ್ಕ. ಆ ದಿನಗಳಲ್ಲಿ ಇದೇ ಬೆಂಗಳೂರಿನಲ್ಲಿ ಭಾವನವರ ಬ್ಯಾಂಕ್ ನೌಕರಿ, ನಿಮ್ಮ ಲಿಫ್ಟಿನ ಮನೆ, ಕೊಪ್ಪಳದ ಕಾಲೇಜಿನಲ್ಲಿ ಕಲಿತ ನಿಮ್ಮ ಇಂಗ್ಲಿಷು. "ಸುನಿ, ನೀ ಬಾಯಿ ತೆರದ್ರ ಸೀಟು ಹೋಗತೈತಿ. ನಾ ಕುಂದರ್ತೀನಿ ಬಿಡು, ಒಂದ ತಾಸಿನ ಮಾತು" ಎಂದಿರಿ. ಊರಿನಿಂದ ಅತ್ತೆ ಫೋನಿನಲ್ಲಿ, "ಸಾಲಿ ಸಲುವಾಗಿ ಕೂಸಿನ ತಾಯಿನ್ನ ಬದಲ ಮಾಡಿದ್ರಿ. ಕಾಲೇಜಿಗೆ ಗಂಡನ್ನೂ ಬದಲ ಮಾಡ್ತೀರೇನ?" ಎಂದರು. ಎಲ್ಲರೂ ನಕ್ಕೆವು, ನಾನೇ ಜೋರಾಗಿ ನಕ್ಕೆ. ಎರಡನೇ ಸಾಲಿಯಲ್ಲಿ ನನ್ನ ಗಂಡನ ಪಕ್ಕದ ಕುರ್ಚಿಯಲ್ಲಿ ನೀವು ಸುನಿತಾ ಆಗಿ ಕೂತಿರಿ. ಸೀಟು ಸಿಕ್ಕಿತು. ಪಾಲಕರ ಕಾರ್ಡು ಬಂತು. ಕೆಳಗೆ ನನ್ನ ಹೆಸರು, ಮೇಲೆ ನಿಮ್ಮ ಮುಖ.

ಆ ಒಂದು ತಾಸು ಮೂರು ವರ್ಷವಾಯಿತು. ಪ್ರತಿ ಮೀಟಿಂಗಿಗೆ ನೀವು, ಸ್ಪೋರ್ಟ್ಸ್ ದಿನದ ಫೋಟೊದಲ್ಲಿ ನೀವು. ದಿನಾ ಬಿಡಲು ಬರುವ ನಾನು ಯಾರು ಎಂದು ಕೇಳಿದರೆ ಏನು ಹೇಳಬೇಕೆಂಬುದನ್ನೂ ಗವಿಗೆ ನೀವೇ ಕಲಿಸಿದಿರಿ. ಒಂದು ಕೈಯಲ್ಲಿ ಚಾಕೊಲೇಟು, ಇನ್ನೊಂದು ಕೈಯಿಂದ ಚಿವುಟು. ಗೇಟಿನ ಒಳಗೆ ಮಮ್ಮಿ ಅಂದರೆ ನೀವು. ನಾನು ಮನೆ ಕೆಲಸದ ಆಂಟಿ. ಗವಿ ಜಾಣೆ. ಒಂದು ದಿನವೂ ತಪ್ಪಲಿಲ್ಲ.

ಕೈ ಮುರಿದ ದಿನವೂ ತಪ್ಪಲಿಲ್ಲ.

ಗವಿ ಸಾಲಿಯಲ್ಲಿ ಬಿದ್ದಳು ಎಂದು ಪಕ್ಕದ ಮನೆಯ ಹುಡುಗಿ ಸುದ್ದಿ ತಂದಾಗ ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಗೇಟು ಕಾಯುವ ಯಂಕೋಬ ನಮ್ಮ ಯಲಬುರ್ಗಾ ಕಡೆಯವನು, ಕೈ ಮುಗಿದ. "ತಂಗಿ, ಕಾರ್ಡ್ ಇಲ್ಲದ ಬಿಟ್ರ ನನ್ನ ನೌಕರಿ ಹೋಗತೈತಿ. ಅವರ ಮಮ್ಮಿ ಬರಾಕ ಹತ್ಯಾರಂತ, ಫೋನ್ ಬಂದೈತಿ." ನಾನೇ ಹಡೆದವಳು ಎಂದು ಕೂಗಿದೆ. ರಸ್ತೆಯಲ್ಲಿ ಜನ ನಿಂತರು. ಪ್ರಿನ್ಸಿಪಾಲರು ಗವಿಯನ್ನು ವರಾಂಡಕ್ಕೆ ಕರೆತಂದರು. ಮುರಿದ ಕೈಗೆ ಅಡಿಪಟ್ಟಿ ಇಟ್ಟು ಕಟ್ಟಿದ್ದರು. "ಯಾರಮ್ಮ ಇವರು?" ಎಂದರು. ಅವಳು ತುಟಿ ಕಚ್ಚಿ ನನ್ನನ್ನೇ ನೋಡಿದಳು. ಆಮೇಲೆ ಪಾಠ ಒಪ್ಪಿಸಿದಳು. "ಕೆಲಸದ ಆಂಟಿ."

ನೀವು ಆಗ ಎಲ್ಲಿದ್ದಿರಿ? ಗಂಗಾವತಿಯ ಸೀರೆ ಅಂಗಡಿಯಲ್ಲಿ, ತಂಗಿಯ ಮದುವೆಯ ಜವಳಿಗೆ. ಊರಿನಲ್ಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅವರೇ ಆಸ್ಪತ್ರೆಗೆ ಒಯ್ಯುತ್ತಿದ್ದರು. ನೀವು "ಟ್ರಾಫಿಕ್‌ನಲ್ಲಿದ್ದೀನಿ, ಬಂದೇಬಿಟ್ಟೆ, ನಾನು ಬರೋವರೆಗೂ ಎಲ್ಲೂ ಕರ್ಕೊಂಡು ಹೋಗಬೇಡಿ" ಎಂದಿರಿ. ಮಗುವನ್ನು ಬಿಟ್ಟು ಜವಳಿಗೆ ಹೋದ ತಾಯಿ ಎಂದು ಅವರು ಅಂದುಕೊಳ್ಳಬಾರದು, ಅಷ್ಟೇ. ಒಳ್ಳೆಯ ತಾಯಿ ಎಂಬ ಹೆಸರು ನನ್ನದಾಗಿದ್ದರೂ ಅದನ್ನು ಇಷ್ಟು ಜೋಪಾನ ಮಾಡಿದವರು ನೀವೊಬ್ಬರೇ. ಗಂಗಾವತಿಯಿಂದ ಬೆಂಗಳೂರಿನ ತನಕದ ಆ ಟ್ರಾಫಿಕ್ಕು ಮುಗಿಯಲಿಲ್ಲ. ತುಮಕೂರಿಗೆ ಲೋಡು ಒಯ್ದಿದ್ದ ಇವರು ಸುದ್ದಿ ತಿಳಿದು ಹೊತ್ತಿಳಿದ ಮೇಲೆ ಬಂದು ಕೂಸನ್ನು ಎತ್ತಿಕೊಂಡರು. ಅಷ್ಟರಲ್ಲಿ ಬಾವು ಏರಿತ್ತು. ಮೂಳೆ ಸೊಟ್ಟ ಕೂಡಿತು. ಆ ಮೊಳಕೈ ಇನ್ನು ಪೂರ್ತಿ ಚಾಚುವುದಿಲ್ಲ.

ಆಗಲೇ ನಿಜ ಹೇಳಬೇಕು ಎಂದು ಹೊರಟವಳನ್ನು ತಡೆದವರೂ ನೀವೇ. ಆ ತಿಂಗಳ ಮೀಟಿಂಗಿನಿಂದ ಸುದ್ದಿ ತಂದಿರಿ. ಸುಳ್ಳು ಪಾಲಕರು ಸಿಕ್ಕರೆ ಅಂದೇ ಟಿಸಿ, ಬೇರೆ ಸಾಲಿಗೂ ತಿಳಿಸುತ್ತಾರೆ. ನಾನು ಲೆಕ್ಕ ಹಾಕಿದೆ. ಕೈ ಹೇಗೂ ಹೋಗಿದೆ, ಸಾಲಿಯೂ ಹೋದರೆ ಅವಳಿಗೆ ಉಳಿಯುವುದು ಏನು? ಸುಮ್ಮನಾದೆ.

ಏಪ್ರಿಲ್‌ನಲ್ಲಿ ಭಾವನವರಿಗೆ ಕೊಪ್ಪಳಕ್ಕೆ ವರ್ಗವಾಯಿತು. "ಸಾಕಾತ್ ನಮ್ಮವ್ವ. ಇನ್ನ ನಿಮ್ಮ ಸಾಲಿ ಉಸಾಬರಿ ನೀವು ನೋಡ್ಕೋರಿ" ಎಂದಿರಿ. ಸಾಮಾನು ಕಟ್ಟುವಾಗ ಪಾಲಕರ ಕಾರ್ಡನ್ನೂ ಪರ್ಸಿನಲ್ಲಿಟ್ಟುಕೊಂಡು ಹೋದಿರಿ. ತಾಯಿ ಇಲ್ಲದ ಕೂಸು ಮೂರನೇ ಇಯತ್ತೆಗೆ ಹೋಗಬೇಕಿತ್ತು. ಅದಕ್ಕೇ ನಿಮ್ಮನ್ನು ಸಾಯಿಸಿದೆ. ಬೇರೆ ದಾರಿ ಇದ್ದರೆ ಹೇಳಿ.

ಮುಂದಿನದು ಕೇಳಿ. ತಾಯಿ ಸತ್ತರೆ ಅಪ್ಪ ಇನ್ನೊಂದು ಮಾಡಿಕೊಳ್ಳಬಹುದು. ಮದುವೆಯಲ್ಲಿ ಅಕ್ಕಿಕಾಳಿನ ಮೇಲೆ ಬರೆದು ನನಗೆ ಸುನಿತಾ ಎಂದು ಹೆಸರಿಟ್ಟವರು ನಮ್ಮ ಅತ್ತೆ ಮನೆಯವರು. ನನ್ನ ಆಧಾರ್ ಕಾರ್ಡಿನಲ್ಲಿ ಇವತ್ತಿಗೂ ತವರಿನ ಹೆಸರೇ ಇದೆ, ಹುಲಗಮ್ಮ. ಹಾಗಾಗಿ ಸೋಮವಾರ ಸುನಿತಾಳ ಗಂಡನ ಜೊತೆ ಅವನ ಎರಡನೇ ಹೆಂಡತಿ ಹುಲಗಮ್ಮ ಹೋದಳು.

ಪ್ರಿನ್ಸಿಪಾಲರು ನನ್ನನ್ನು ಬಹಳ ಹೊತ್ತು ನೋಡಿದರು. ಗುರುತು ಸಿಕ್ಕಿತು. "ಇವಳು ನಿಮ್ಮ ಮನೆ ಕೆಲಸದವಳಲ್ವಾ?" ಎಂದರು. ನಿಮ್ಮ ಮೈದುನ ಕುತ್ತಿಗೆ ಇನ್ನೂ ಬಗ್ಗಿಸಿ "ಕೂಸಿನ ಸಲುವಾಗಿ ಮಾಡ್ಕೊಂಡೀನ್ರಿ ಮೇಡಂ" ಎಂದರು. "ಎರಡು ತಿಂಗಳಿಗೇ?" ಎಂದರು ಆಕೆ. ಹೊರಗೆ ನಿಂತಾಗ ಟೀಚರುಗಳು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. "ಅವತ್ತು ಗೇಟ್ ಹತ್ರ ನಾನೇ ತಾಯಿ ಅಂತ ಕೂಗಾಡಿದ್ಲಲ್ಲ, ಅವಳೇ. ಆಗ್ಲೇ ಕಣ್ಣು ಹಾಕಿದ್ಲು. ಪಾಪ, ಆ ಹೆಂಗಸಿಗೆ ಕಾಮಾಲೆನೇ ಬಂತೋ, ಇವಳೇ ಏನಾದ್ರೂ ಹಾಕಿದ್ಲೋ." ಗವಿಯ ಸೊಟ್ಟ ಕೈಯನ್ನೂ ಅವರು ಇನ್ನು ನನ್ನ ಖಾತೆಗೇ ಬರೆಯುತ್ತಾರೆ ಬಿಡಿ.

ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ ನಿಮಗಾಗಿ ಮೌನ ಆಚರಿಸಿದರು. ಕಾರ್ಡಿನ ಫೋಟೊ ಅವರ ಬಳಿಯೂ ಇತ್ತು, ದೊಡ್ಡದು ಮಾಡಿ ಸೇವಂತಿಗೆ ಹಾರ ಹಾಕಿದ್ದರು. ಚೆನ್ನಾಗಿ ಬಂದಿದ್ದೀರಿ. ಕೆಳಗೆ ದಿವಂಗತ ಸುನಿತಾ ಎಂದು ಬರೆದಿತ್ತು. ನಾನೂ ಕೈಮುಗಿದು ನಿಂತೆ. ಗವಿ ಅತ್ತಳು. ಅಳು ಎಂದು ನಾನು ಹೇಳಿಕೊಟ್ಟಿರಲಿಲ್ಲ, ಸುಮ್ಮನೆ ನೆಲ ನೋಡು ಎಂದಿದ್ದೆ. ಅವಳು ನಿಜವಾಗಿಯೂ ನಿಮಗಾಗಿ ಅತ್ತಳು, ಎರಡೂ ಗಲ್ಲ ತೋಯುವ ಹಾಗೆ. ಆ ಕಣ್ಣೀರು ಯಾವ ಬಾಬತ್ತಿಗೆ ಎಂದು ನಾನು ಇನ್ನೂ ನೋಡುತ್ತಿದ್ದೇನೆ.

ನನಗೆ ಹೊಸ ಕಾರ್ಡು ಕೊಟ್ಟರು. ನನ್ನ ಹೆಸರು, ನನ್ನ ಮುಖ, ಸಂಬಂಧ ಎಂಬಲ್ಲಿ ಮಲತಾಯಿ. ಸಂಜೆ ಯಂಕೋಬ ಗೇಟು ತೆರೆದ. ಮೂರು ವರ್ಷದಲ್ಲಿ ಮೊದಲ ಸಲ ಮಗಳ ತರಗತಿಯ ಬಾಗಿಲ ತನಕ ಹೋದೆ. ಅವಳ ಟೀಚರು ಕೈ ಹಿಡಿದು ನನಗೆ ಒಪ್ಪಿಸುತ್ತ "ಸ್ವಂತ ಮಗಳು ಅಂದ್ಕೊಂಡು ನೋಡ್ಕೊಳ್ಳಿ" ಎಂದರು. ಹೂಂ ಎಂದೆ.

ಬಸ್ಸಿನಲ್ಲಿ ಗವಿ ಕಿಟಕಿಯ ಕಡೆ ಕೂತಿದ್ದಳು. ನನ್ನ ಕಡೆ ತಿರುಗಿ ಕೇಳಿದಳು. ದುಃಖ ಇರಲಿಲ್ಲ ಆ ದನಿಯಲ್ಲಿ, ಮುಂದಿನ ವರ್ಷ ಕ್ಲಾಸ್ ಟೀಚರು ಯಾರು ಎಂದು ಕೇಳುವ ಹಾಗಿತ್ತು.

"ವೈನಿ, ನೀ ಸತ್ತ ಮ್ಯಾಲೆ ಯಾರು ಬರ್ತಾರ?"

ಯಾರೂ ಬರೂದಿಲ್ಲ ಎಂದೆ. ಅವಳು ನಂಬಲಿಲ್ಲ. ಹೆಸರು ಈಗಲೇ ಹೇಳಿದರೆ ಕಲಿತು ಇಟ್ಟುಕೊಳ್ಳುತ್ತೇನಲ್ಲ ಎಂಬ ಹಾಗೆ ನನ್ನ ಮುಖ ನೋಡಿ, ಮತ್ತೆ ಕಿಟಕಿಯ ಕಡೆ ತಿರುಗಿದಳು.

ಇನ್ನು ಮೇಲೆ ಅವಳಿಗೆ ಫೋನ್ ಮಾಡಬೇಡಿ ಅಕ್ಕ. ಭಾವನವರ ಜೊತೆ ಕೊಪ್ಪಳದಲ್ಲಿ ನೂರು ವರ್ಷ ಸುಖವಾಗಿರಿ. ಎಂದಾದರೂ ಬೆಂಗಳೂರಿಗೆ ಬಂದರೆ ಆ ಶಾಲೆಯ ರಸ್ತೆಯಲ್ಲಿ ಮಾತ್ರ ಓಡಾಡಬೇಡಿ, ಮಕ್ಕಳು ಹೆದರುತ್ತಾರೆ.

ನಿಮ್ಮ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಬೇಡಿಕೊಳ್ಳುವ,
ಹುಲಗಮ್ಮ